ಬಿಭಾ ಎಂಬ ನಕ್ಷತ್ರ

ನಾನಿರುವುದು ಆಲ್ಕಾಪುರಿಯಲ್ಲಿ ಎಂದಾಗ ಊರಿನ ಹಿರಿಯರು ಒಂದು ಕ್ಷಣ ನಗುತ್ತಾರೆ. ಅವರ ಕಿವಿಗೆ ಅದು ಕಾಳಿದಾಸನ ಅಲಕಾಪುರಿ, ಕುಬೇರನ ರಾಜಧಾನಿ, ದೂರ ದೇಶದಲ್ಲಿ ದಿನ ಎಣಿಸುವ ಯಕ್ಷನ ತವರು. ವಡೋದರಾದ ಈ ಆಲ್ಕಾಪುರಿಯಲ್ಲಿ ಇರುವುದು ಬ್ಯಾಂಕುಗಳು, ಹೋಟೆಲುಗಳು, ಕೋಚಿಂಗ್ ಕ್ಲಾಸುಗಳು, ರೈಲ್ವೆ ನಿಲ್ದಾಣದ ಪಕ್ಕದಲ್ಲಿ ಜೋರು ಮಳೆ ಬಂದರೆ ನೀರು ನಿಲ್ಲುವ ಒಂದು ಅಂಡರ್‌ಪಾಸ್. ಯಕ್ಷನ ಪಾಡು ಮಾತ್ರ ನಮ್ಮಂಥವರದ್ದೇ. ಹುಬ್ಬಳ್ಳಿ, ವಿಜಯಪುರ, ಮಂಗಳೂರು, ಮೈಸೂರುಗಳಿಂದ ಕೆಲಸಕ್ಕೆ ಬಂದು, ಹಬ್ಬಕ್ಕೆ ರೈಲು ಟಿಕೆಟ್ ಸಿಕ್ಕೀತೇ ಎಂದು ಕಾಯುವವರು ನಾವು.

ಈ ಜಾಗದ ಅನುಕೂಲ ಅದು ಇರುವ ದಿಕ್ಕಿನಲ್ಲಿದೆ. ಉತ್ತರಕ್ಕೆ ರೈಲಿನಲ್ಲಿ ಸುಮಾರು 100 ಕಿ.ಮೀ. ಹೋದರೆ ಅಹಮದಾಬಾದ್. ದಕ್ಷಿಣಕ್ಕೆ ಸುಮಾರು 130 ಕಿ.ಮೀ. ಹೋದರೆ ಸೂರತ್. ನಾನಿಲ್ಲಿ ಹೇಳಹೊರಟಿರುವ ಕತೆಗೂ ಈ ಎರಡು ಊರುಗಳೇ ತುದಿಗಳು. ಒಂದರಲ್ಲಿ ಒಬ್ಬ ವಿಜ್ಞಾನಿ ಕೆಲಸ ಮಾಡಿದರು, ಮರೆಯಾದರು. ಇನ್ನೊಂದರಿಂದ, ಆಕೆ ತೀರಿಕೊಂಡು 28 ವರ್ಷಗಳ ಮೇಲೆ, ಆಕೆಯ ಹೆಸರು ಒಂದು ನಕ್ಷತ್ರಕ್ಕೆ ಹೋಯಿತು. ಇವೆರಡರ ನಡುವೆ ನಮ್ಮ ಕೋಲಾರದ ಚಿನ್ನದ ಗಣಿ ಇದೆ.

ನಾನು ಖಗೋಳ ವಿಜ್ಞಾನಿಯಲ್ಲ. ಕಾರ್ಖಾನೆಯೊಂದರಲ್ಲಿ ಯಂತ್ರಗಳ ನಿಗಾ ನೋಡುವ ಇಂಜಿನಿಯರ್. ಈ ಕತೆಯ ಬೆನ್ನು ಹತ್ತಲು ಕಾರಣ ನಮ್ಮ ಕಟ್ಟಡದಲ್ಲಿ ಬಾಡಿಗೆಗಿರುವ ಒಬ್ಬ ಎಂಎಸ್ಸಿ ವಿದ್ಯಾರ್ಥಿನಿ. ಧಾರವಾಡದ ಕಡೆಯವಳು, ನನ್ನನ್ನು ‘ಕಾಕಾ’ ಅನ್ನುತ್ತಾಳೆ. ಗುಜರಾತಿಯಲ್ಲೂ ಚಿಕ್ಕಪ್ಪನಿಗೆ ಕಾಕಾ ಅಂತಲೇ ಹೇಳುವುದರಿಂದ ಅಕ್ಕಪಕ್ಕದವರಿಗೆ ಅವಳು ಯಾವ ಭಾಷೆ ಆಡುತ್ತಿದ್ದಾಳೆಂದು ತಕ್ಷಣ ತಿಳಿಯುವುದಿಲ್ಲ. ಖಗೋಳ ವಿಜ್ಞಾನಿಗಳ ವಾರ್ಷಿಕ ಸಮ್ಮೇಳನಕ್ಕೆ ಪೋಸ್ಟರ್ ಹೊತ್ತು ಹೊರಟಿದ್ದಳು. ಕಾರ್ಯಕ್ರಮ ಪಟ್ಟಿಯನ್ನು ನನಗೆ ತೋರಿಸುತ್ತ, ಯಾವ ಗೋಷ್ಠಿಗೆ ಕೂರಬೇಕು, ಯಾವುದನ್ನು ಬಿಡಬೇಕು ಎಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತಿದ್ದಳು. ಸಂಜೆಯ ಒಂದೆರಡು ಗೋಷ್ಠಿಗಳ ಮೇಲೆ ನೇರವಾಗಿ ಅಡ್ಡಗೆರೆ ಎಳೆದಳು. ಯಾಕೆಂದು ಕೇಳಿದೆ.

“ಅದರಾಗ ಸೈನ್ಸ್ ಏನೂ ಇರಂಗಿಲ್ಲ ಕಾಕಾ. ಬರೇ ಮಾತು. ಕಮ್ಯೂನಿಟಿ, ಔಟ್‌ರೀಚ್, ಜೆಂಡರ್ ಅಂತ.”

ಆ ಅಡ್ಡಗೆರೆ ನನ್ನ ತಲೆಯಲ್ಲಿ ಉಳಿಯಿತು.

ಮೊದಲು ಸಮ್ಮೇಳನದ ಬಗ್ಗೆ ಒಂದಿಷ್ಟು. ಆಸ್ಟ್ರನಾಮಿಕಲ್ ಸೊಸೈಟಿ ಆಫ್ ಇಂಡಿಯಾ ಹುಟ್ಟಿದ್ದು 1972ರಲ್ಲಿ, ಹೈದರಾಬಾದಿನಲ್ಲಿ. ಎಲ್ಲರೂ ಎಎಸ್‌ಐ ಅನ್ನುತ್ತಾರೆ. ಪೊಲೀಸ್ ಠಾಣೆಯ ಎಎಸ್‌ಐ ಬೇರೆ, ಹಂಪಿಯ ಕಲ್ಲುಗಳನ್ನು ಕಾಯುವ ಎಎಸ್‌ಐ ಬೇರೆ. ಈ ಸಂಘದ ಸಭೆ ಊರೂರು ತಿರುಗುತ್ತದೆ. 2019ರಲ್ಲಿ ಬೆಂಗಳೂರಿನ ಕ್ರೈಸ್ಟ್ ವಿಶ್ವವಿದ್ಯಾಲಯ, 2020ರಲ್ಲಿ ತಿರುಪತಿ, ಕೊರೊನಾ ಕಾಲದ 2021ರಲ್ಲಿ ಕಂಪ್ಯೂಟರ್ ಪರದೆ, 2024ರಲ್ಲಿ ಮತ್ತೆ ಬೆಂಗಳೂರಿನ ಐಐಎಸ್‌ಸಿ, 2025ರಲ್ಲಿ ಒಡಿಶಾದ ರೂರ್ಕೆಲಾ. ನಾಲ್ಕೈದು ದಿನಗಳ ಜಾತ್ರೆ. ಹಗಲೆಲ್ಲ ಸೂರ್ಯ, ನಕ್ಷತ್ರ, ಗೆಲಾಕ್ಸಿ, ಉಪಕರಣ ಎಂದು ವಿಭಾಗವಾರು ಪ್ರಬಂಧಗಳು. ಪಡಸಾಲೆಯಲ್ಲಿ ಸಾಲು ಸಾಲು ಪೋಸ್ಟರುಗಳು, ಅವುಗಳ ಪಕ್ಕ ನಿದ್ದೆಗೆಟ್ಟ ವಿದ್ಯಾರ್ಥಿಗಳು, ಚಹಾದ ಕಪ್ಪು ಹಿಡಿದು ಪ್ರಶ್ನೆ ಕೇಳುವ ಪ್ರೊಫೆಸರುಗಳು.

ಇವುಗಳ ಜೊತೆಗೆ ಇನ್ನೊಂದು ಬಗೆಯ ಗೋಷ್ಠಿಗಳಿರುತ್ತವೆ. ಹೊಸ ದೂರದರ್ಶಕದ ವೀಕ್ಷಣಾ ಸಮಯವನ್ನು ಯಾರಿಗೆ ಹೇಗೆ ಹಂಚಬೇಕು, ಉಪಗ್ರಹ ಕಳಿಸಿದ ದತ್ತಾಂಶ ಎಷ್ಟು ದಿನದ ಮೇಲೆ ಎಲ್ಲರಿಗೂ ಸಿಗಬೇಕು, ಸಣ್ಣ ಊರಿನ ಕಾಲೇಜಿನ ಮೇಷ್ಟರು ಸಂಶೋಧನೆ ಮಾಡಬೇಕೆಂದರೆ ದಾರಿ ಯಾವುದು, ಪಿಎಚ್‌ಡಿ ಮುಗಿಸಿದ ಹೆಣ್ಣುಮಕ್ಕಳು ಮುಂದೆ ಎಲ್ಲಿ ಕಾಣೆಯಾಗುತ್ತಾರೆ, ಶಾಲೆಯ ಮಕ್ಕಳಿಗೆ ಗ್ರಹಣ ತೋರಿಸುವುದು ಹೇಗೆ. ಇವೇ ಸಮುದಾಯ ಗೋಷ್ಠಿಗಳು. ಇಲ್ಲಿ ಚರ್ಚೆಯಾಗುವುದು ಆಕಾಶ ನೋಡುವವರ ವಿಷಯ. ಕಳೆದ ದಶಕದಲ್ಲಿ ಎಎಸ್‌ಐ ಇದಕ್ಕಾಗಿ ಲಿಂಗ ಸಮಾನತೆಯ ಕಾರ್ಯಗುಂಪನ್ನೂ, ಸಾರ್ವಜನಿಕ ಸಂಪರ್ಕ ಮತ್ತು ಶಿಕ್ಷಣದ ಸಮಿತಿಯನ್ನೂ ರಚಿಸಿತು. ಅಲ್ಲಿಯವರೆಗೆ ಇಂಥ ಮಾತುಗಳು ಹೆಚ್ಚಾಗಿ ನಡೆಯುತ್ತಿದ್ದುದು ಊಟದ ಸಾಲಿನಲ್ಲಿ, ರೈಲಿನ ಬೋಗಿಯಲ್ಲಿ.

ಈಗ ಅಹಮದಾಬಾದಿಗೆ ಹೋಗೋಣ.

1947ರ ನವೆಂಬರಿನಲ್ಲಿ, ಸ್ವಾತಂತ್ರ್ಯ ಬಂದು ಮೂರು ತಿಂಗಳೂ ಆಗಿರಲಿಲ್ಲ, ವಿಕ್ರಮ್ ಸಾರಾಭಾಯಿ ಎಂಬ 28ರ ಯುವಕ ಇಲ್ಲಿನ ಎಂ.ಜಿ. ಸೈನ್ಸ್ ಕಾಲೇಜಿನ ಕೆಲವು ಕೋಣೆಗಳಲ್ಲಿ ಫಿಸಿಕಲ್ ರಿಸರ್ಚ್ ಲ್ಯಾಬೊರೇಟರಿ ಶುರುಮಾಡಿದರು. ಅದೇ ಇಂದಿನ ಪಿಆರ್‌ಎಲ್. ಇದರ ಬೇರು ನಮ್ಮ ಬೆಂಗಳೂರಿನಲ್ಲಿದೆ. ಎರಡನೆಯ ಮಹಾಯುದ್ಧ ಶುರುವಾದಾಗ ಕೇಂಬ್ರಿಜ್ ಬಿಟ್ಟು ಬಂದ ಸಾರಾಭಾಯಿ, ಐಐಎಸ್‌ಸಿಯಲ್ಲಿ ಸಿ.ವಿ. ರಾಮನ್ ಅವರ ಬಳಿ ಕೆಲಸ ಮಾಡಿದರು. ವಿಶ್ವಕಿರಣಗಳ ಬಗೆಗಿನ ಅವರ ಮೊದಲ ಪ್ರಬಂಧ ಹುಟ್ಟಿದ್ದು ಅಲ್ಲಿ. ಯುದ್ಧ ಮುಗಿದ ಮೇಲೆ ಕೇಂಬ್ರಿಜ್‌ಗೆ ಹಿಂತಿರುಗಿ 1947ರಲ್ಲಿ ಪಿಎಚ್‌ಡಿ ಪಡೆದು ಬಂದರು. ಮುಂದೆ 1952ರಲ್ಲಿ ಪಿಆರ್‌ಎಲ್‌ನ ಸ್ವಂತ ಕಟ್ಟಡಕ್ಕೆ ಅಡಿಗಲ್ಲು ಹಾಕಿದವರೂ ರಾಮನ್ ಅವರೇ. ಮೊದಲ ನಿರ್ದೇಶಕರಾಗಿ ಬಂದವರು ಹವಾಮಾನ ವಿಜ್ಞಾನಿ ಕೆ.ಆರ್. ರಾಮನಾಥನ್, ಅವರೂ ರಾಮನ್ ಅವರ ಶಿಷ್ಯರು.

ವಿಶ್ವಕಿರಣ ಅಂದರೆ ಬಾಹ್ಯಾಕಾಶದಿಂದ ಭೂಮಿಗೆ ಎಡೆಬಿಡದೆ ಬೀಳುವ ಕಣಗಳ ಮಳೆ. ಈ ಸಾಲನ್ನು ಓದುತ್ತಿರುವಾಗಲೂ ನಿಮ್ಮ ಅಂಗೈ ಮೂಲಕ ಅದರ ಹನಿಗಳು ಹಾದುಹೋಗುತ್ತಿವೆ. ಮೇಲಿಂದ ಬಂದ ಕಣ ವಾತಾವರಣದ ಅಣುವಿಗೆ ಬಡಿದು ಒಡೆಯುತ್ತದೆ. ಅದರ ಚೂರುಗಳು ಇನ್ನಷ್ಟು ಅಣುಗಳಿಗೆ ಬಡಿಯುತ್ತವೆ. ನೆಲ ಮುಟ್ಟುವ ಹೊತ್ತಿಗೆ ಒಂದು ಕಣದ ಹಿಂದೆ ದೊಡ್ಡ ದಿಬ್ಬಣವೇ ಇರುತ್ತದೆ. ಈ ಮಳೆ ಹಗಲು ರಾತ್ರಿಗೆ ತಕ್ಕಂತೆ, ಸೂರ್ಯನ ಚಟುವಟಿಕೆಗೆ ತಕ್ಕಂತೆ, ಭೂಮಿಯ ಅಕ್ಷಾಂಶಕ್ಕೆ ತಕ್ಕಂತೆ ಒಂದಿಷ್ಟು ಏರಿಳಿಯುತ್ತದೆ. ಸಾರಾಭಾಯಿ ಹಿಡಿಯಹೊರಟಿದ್ದು ಆ ಏರಿಳಿತವನ್ನು. ಒಂದೇ ಊರಿನಲ್ಲಿ ಕೂತು ಅಳೆದರೆ ಅದು ತಿಳಿಯುವುದಿಲ್ಲ. ಅಹಮದಾಬಾದಿನಲ್ಲಿ ಒಂದು ಉಪಕರಣ ಬೇಕು, ಕೊಡೈಕೆನಾಲ್‌ನಲ್ಲಿ ಒಂದು, ತಿರುವನಂತಪುರದಲ್ಲಿ ಒಂದು. ಮೂರೂ ಕಡೆ ವರ್ಷಗಟ್ಟಲೆ ನಿಲ್ಲಿಸದೆ ಎಣಿಸುವ ಜನ ಬೇಕು. ಎಣಿಸಿದ್ದನ್ನು ಒಂದೆಡೆ ಹರವಿಕೊಂಡು ಜಗಳವಾಡಲು ಒಂದು ಸಭೆ ಬೇಕು. ಈ ವಿಜ್ಞಾನಕ್ಕೆ ಸಮುದಾಯ ಎಂಬುದು ಹೀಗೆ ಮೊದಲ ದಿನದಿಂದಲೇ ಬೇಕಾಗಿತ್ತು.

ಆ ಸಮುದಾಯ ಒಬ್ಬ ಹುಡುಗನನ್ನು ಹೇಗೆ ಎತ್ತಿಕೊಂಡಿತು ಎನ್ನುವುದಕ್ಕೆ ನಮ್ಮವರೇ ಆದ ಯು.ಆರ್. ರಾವ್ ಉದಾಹರಣೆ. ಉಡುಪಿಯ ಅದಮಾರಿನಲ್ಲಿ 1932ರಲ್ಲಿ ಹುಟ್ಟಿದವರು. ಉಡುಪಿಯಲ್ಲಿ ಹೈಸ್ಕೂಲು, ಬಳ್ಳಾರಿಯಲ್ಲಿ ಇಂಟರ್‌ಮೀಡಿಯೆಟ್, ಅನಂತಪುರದಲ್ಲಿ ಬಿಎಸ್ಸಿ, ಕಾಶಿಯಲ್ಲಿ ಎಂಎಸ್ಸಿ, ಕೊನೆಗೆ ಅಹಮದಾಬಾದಿನಲ್ಲಿ ಸಾರಾಭಾಯಿ ಬಳಿ ವಿಶ್ವಕಿರಣಗಳ ಮೇಲೆ ಪಿಎಚ್‌ಡಿ. ನಮ್ಮ ನಿಮ್ಮ ವಲಸೆಯ ನಕ್ಷೆಗಿಂತ ಇದು ಬೇರೆಯಲ್ಲ. ಅಲ್ಲಿಂದ ಎಂಐಟಿಗೆ ಹೋಗಿ, 1962ರಲ್ಲಿ ಶುಕ್ರನ ಕಡೆಗೆ ಹೊರಟಿದ್ದ ಮ್ಯಾರಿನರ್-2 ನೌಕೆಯ ದತ್ತಾಂಶದಿಂದ ಸೌರಮಾರುತ ಎಡೆಬಿಡದೆ ಬೀಸುತ್ತಿರುತ್ತದೆ ಎಂಬುದನ್ನು ತೋರಿಸಿದವರಲ್ಲಿ ಒಬ್ಬರಾದರು. 1966ರಲ್ಲಿ ಅಹಮದಾಬಾದಿಗೆ ಹಿಂತಿರುಗಿ ಪ್ರೊಫೆಸರ್ ಆದರು. ಅವರ ಗುಂಪು ತುಂಬಾದಿಂದ ರಾಕೆಟ್ ಹಾರಿಸಿ ಎಕ್ಸ್-ಕಿರಣ ಸೂಸುವ ನಕ್ಷತ್ರಗಳನ್ನು ಹುಡುಕಿತು. ಮುಂದೆ ಇಸ್ರೊ ಅಧ್ಯಕ್ಷರಾದ ಕಸ್ತೂರಿರಂಗನ್ ಪಿಎಚ್‌ಡಿ ಮಾಡಿದ್ದೂ ಈ ಪಿಆರ್‌ಎಲ್‌ನಲ್ಲೇ.

1963ರ ಡಿಸೆಂಬರಿನಲ್ಲಿ ಅಂತರರಾಷ್ಟ್ರೀಯ ವಿಶ್ವಕಿರಣ ಸಮ್ಮೇಳನ ಜೈಪುರದಲ್ಲಿ ಕೂಡಿತು. ಅದಕ್ಕೆ ಕೆಲವೇ ದಿನಗಳ ಮೊದಲು, ನವೆಂಬರ್ 21ರಂದು, ತುಂಬಾದಿಂದ ಮೊದಲ ರಾಕೆಟ್ ಹಾರಿತ್ತು. ಹೊರದೇಶದವರು ಬಂದು ನೋಡಬೇಕಾದ ಮಟ್ಟಕ್ಕೆ ಈ ದೇಶದ ಕೆಲಸ ತಲುಪಿತ್ತು. ಸಾರಾಭಾಯಿ 1971ರ ಡಿಸೆಂಬರ್ 30ರಂದು ಹಠಾತ್ತಾಗಿ ತೀರಿಕೊಂಡ ಮೇಲೆ, ರಾವ್ ತರುಣರ ತಂಡ ಕಟ್ಟಿಕೊಂಡು ಬೆಂಗಳೂರಿಗೆ ಹೊರಟರು. ಪೀಣ್ಯದ ಕೈಗಾರಿಕಾ ಶೆಡ್ಡುಗಳಲ್ಲಿ ‘ಆರ್ಯಭಟ’ ತಯಾರಾಯಿತು. 1975ರ ಏಪ್ರಿಲ್ 19ರಂದು ಹಾರಿದ ಆ ಉಪಗ್ರಹದಲ್ಲಿ ಎಕ್ಸ್-ಕಿರಣ ಖಗೋಳದ ಪ್ರಯೋಗವೂ ಇತ್ತು. ಕೆಲವೇ ದಿನಗಳಲ್ಲಿ ವಿದ್ಯುತ್ ಪೂರೈಕೆಯ ತೊಂದರೆಯಿಂದ ಪ್ರಯೋಗಗಳನ್ನು ನಿಲ್ಲಿಸಬೇಕಾಯಿತು. ಆದರೂ ಆ ಕನಸು ಸಾಯಲಿಲ್ಲ. ತಂಡವಿತ್ತು, ಸಭೆಗಳಿದ್ದವು, ಮುಂದಿನ ತಲೆಮಾರಿಗೆ ದಾಟಿಸುವವರಿದ್ದರು. 2015ರ ಸೆಪ್ಟೆಂಬರ್ 28ರಂದು ‘ಆಸ್ಟ್ರೊಸ್ಯಾಟ್’ ಎಂಬ ಪೂರ್ಣ ಪ್ರಮಾಣದ ಖಗೋಳ ವೀಕ್ಷಣಾಲಯವೇ ಕಕ್ಷೆ ಸೇರಿತು.

ಇದು ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಕತೆ. ಬೆಂಗಳೂರಿನ ಉಪಗ್ರಹ ಕೇಂದ್ರಕ್ಕೆ ಈಗ ಯು.ಆರ್. ರಾವ್ ಅವರ ಹೆಸರಿದೆ, ಸಾರಾಭಾಯಿ ಹೆಸರು ತಿರುವನಂತಪುರದ ಕೇಂದ್ರಕ್ಕಿದೆ. ಇದೇ ಪಿಆರ್‌ಎಲ್‌ನ, ಇದೇ ವಿಶ್ವಕಿರಣಗಳ ಇನ್ನೊಂದು ಕತೆಯೂ ಇದೆ. ಅದು ಬಹಳ ಕಾಲ ಯಾರ ಬಾಯಲ್ಲೂ ಇರಲಿಲ್ಲ.

ಬಿಭಾ ಚೌಧುರಿ ಹುಟ್ಟಿದ್ದು 1913ರಲ್ಲಿ, ಕೋಲ್ಕತ್ತಾದಲ್ಲಿ. 1936ರಲ್ಲಿ ಕಲ್ಕತ್ತಾ ವಿಶ್ವವಿದ್ಯಾಲಯದಿಂದ ಭೌತವಿಜ್ಞಾನದ ಎಂಎಸ್ಸಿ ಮುಗಿಸಿದಾಗ ಆ ತಂಡದಲ್ಲಿ ಅವರೊಬ್ಬರೇ ಹೆಣ್ಣು. ಮುಂದೆ ಬೋಸ್ ಇನ್‌ಸ್ಟಿಟ್ಯೂಟ್‌ನಲ್ಲಿ ಡಿ.ಎಂ. ಬೋಸ್ ಜೊತೆಗೂಡಿ ಒಂದು ಸರಳ ಉಪಾಯದ ಮೇಲೆ ಕೆಲಸ ಮಾಡಿದರು. ಡಾರ್ಜಿಲಿಂಗ್ ಸುತ್ತಿನ ಎತ್ತರದ ಜಾಗಗಳಲ್ಲಿ ಫೋಟೊ ಪ್ಲೇಟುಗಳನ್ನು ತಿಂಗಳುಗಟ್ಟಲೆ ಇಡುವುದು. ವಿಶ್ವಕಿರಣದ ಕಣ ಪ್ಲೇಟಿನ ಲೇಪದ ಮೂಲಕ ಹಾದುಹೋದರೆ ಹಿಂದೆ ಒಂದು ಗೆರೆ ಉಳಿಯುತ್ತದೆ. ಪ್ಲೇಟನ್ನು ತೊಳೆದು, ಸೂಕ್ಷ್ಮದರ್ಶಕದ ಕೆಳಗಿಟ್ಟು, ಗೆರೆಯ ಬಾಗು ಬಳುಕುಗಳನ್ನು ಅಳೆದರೆ ಆ ಕಣದ ತೂಕವನ್ನು ಅಂದಾಜು ಮಾಡಬಹುದು. ಆಗ ‘ಮೆಸೊಟ್ರಾನ್’ ಎನ್ನುತ್ತಿದ್ದ ಕಣಗಳ ತೂಕವನ್ನು ಇವರು ಹೀಗೆ ಅಳೆದು 1940ರ ನಂತರದ ವರ್ಷಗಳಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಯುದ್ಧಕಾಲ. ಇನ್ನೂ ಉತ್ತಮ ದರ್ಜೆಯ ಪ್ಲೇಟುಗಳು ಬೇಕಿದ್ದವು, ಸಿಗಲಿಲ್ಲ. ಕೆಲಸ ಅಲ್ಲಿಗೇ ನಿಂತಿತು. ಕೆಲವು ವರ್ಷಗಳ ಮೇಲೆ ಇಂಗ್ಲೆಂಡಿನ ಬ್ರಿಸ್ಟಲ್‌ನಲ್ಲಿ ಸೆಸಿಲ್ ಪೊವೆಲ್ ಉತ್ತಮ ಪ್ಲೇಟುಗಳೊಂದಿಗೆ ಇದೇ ಬಗೆಯ ವಿಧಾನದಿಂದ 1947ರಲ್ಲಿ ಪಯಾನ್ ಕಣವನ್ನು ಕಂಡುಹಿಡಿದರು. 1950ರ ನೊಬೆಲ್ ಅವರಿಗೆ ಬಂತು.

ಪೊವೆಲ್ ಕದ್ದರು ಎಂದು ನಾನು ಹೇಳುತ್ತಿಲ್ಲ. ಒಳ್ಳೆಯ ಪ್ಲೇಟು, ದೊಡ್ಡ ತಂಡ, ಸಿದ್ಧವಾದ ಪ್ರಯೋಗಾಲಯ ಇದ್ದವರು ಕೆಲಸ ಮುಗಿಸಿದರು. ಬಿಭಾ ಅವರ ಬಳಿ ಉಪಾಯವಿತ್ತು, ಸರಕಿರಲಿಲ್ಲ.

ಅವರು ಸುಮ್ಮನೆ ಕೂರಲಿಲ್ಲ. ಯುದ್ಧ ಮುಗಿದ ಮೇಲೆ ಮ್ಯಾಂಚೆಸ್ಟರ್‌ಗೆ ಹೋಗಿ ಪ್ಯಾಟ್ರಿಕ್ ಬ್ಲ್ಯಾಕೆಟ್ ಅವರ ಪ್ರಯೋಗಾಲಯದಲ್ಲಿ ವಿಶ್ವಕಿರಣಗಳ ಮಳೆಯ ಮೇಲೆ ಪಿಎಚ್‌ಡಿಗೆ ಕೆಲಸ ಮಾಡಿದರು. 1949ರಲ್ಲಿ ಹೋಮಿ ಭಾಭಾ ಅವರ ಟಿಐಎಫ್‌ಆರ್‌ಗೆ ಬಂದರು. ಅಲ್ಲಿನ ಮೊದಲ ಮಹಿಳಾ ಸಂಶೋಧಕಿ ಅವರೇ. ಮುಂದೆ ಅಹಮದಾಬಾದಿನ ಪಿಆರ್‌ಎಲ್ ಸೇರಿದರು. ಅಲ್ಲಿದ್ದುಕೊಂಡು ಕೋಲಾರದ ಚಿನ್ನದ ಗಣಿಯ ಪ್ರಯೋಗಗಳಲ್ಲಿ ತೊಡಗಿದರು.

ಕೆಜಿಎಫ್ ಎಂದರೆ ಈಗಿನ ಹುಡುಗರಿಗೆ ಸಿನಿಮಾ. ಭೌತವಿಜ್ಞಾನಿಗಳಿಗೆ ಅದು ಭೂಮಿಯ ಅತಿ ಆಳದ ಪ್ರಯೋಗಾಲಯಗಳಲ್ಲಿ ಒಂದು. ಗಣಿಯೊಳಗೆ ಕಿಲೋಮೀಟರುಗಟ್ಟಲೆ ಇಳಿದರೆ ತಲೆಯ ಮೇಲಿನ ಬಂಡೆ ವಿಶ್ವಕಿರಣಗಳ ಹೆಚ್ಚಿನ ಪಾಲನ್ನು ಹೀರಿಕೊಳ್ಳುತ್ತದೆ. ಅಷ್ಟು ಬಂಡೆಯನ್ನೂ ದಾಟಿ ಬರುವ ಅಪರೂಪದ ಕಣ ಯಾವುದು ಎಂದು ನೋಡುವುದೇ ಪ್ರಯೋಗ. ನಂಜನಗೂಡು ಸೀಮೆಯ ಬಿ.ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲೇ ಟಿಐಎಫ್‌ಆರ್‌ನಿಂದ ಉಪಕರಣ ಹೊತ್ತು ಈ ಗಣಿಗೆ ಇಳಿದಿದ್ದರು. 1965ರಲ್ಲಿ ಟಿಐಎಫ್‌ಆರ್, ಜಪಾನಿನ ಒಸಾಕಾ ಸಿಟಿ ವಿಶ್ವವಿದ್ಯಾಲಯ, ಇಂಗ್ಲೆಂಡಿನ ಡರ್ಹಮ್ ವಿಶ್ವವಿದ್ಯಾಲಯಗಳ ತಂಡ ಇಲ್ಲಿ, 2 ಕಿ.ಮೀ.ಗಿಂತ ಹೆಚ್ಚು ಆಳದಲ್ಲಿ, ವಾತಾವರಣದಲ್ಲಿ ಹುಟ್ಟಿದ ನ್ಯೂಟ್ರಿನೊಗಳ ಗುರುತನ್ನು ಹಿಡಿಯಿತು. ಜಗತ್ತಿನಲ್ಲಿ ಅದನ್ನು ಮೊದಲು ವರದಿ ಮಾಡಿದವರಲ್ಲಿ ಅವರೂ ಸೇರಿದ್ದಾರೆ. ಚಿನ್ನ ತೆಗೆಯಲು ತಮಿಳು, ತೆಲುಗು, ಕನ್ನಡದ ಕಾರ್ಮಿಕರು ತೋಡಿದ ಸುರಂಗಗಳಲ್ಲಿ ಆದ ಕೆಲಸ ಅದು. 2001ರಲ್ಲಿ ಗಣಿ ಮುಚ್ಚಿತು.

ಆ ಗಣಿಗೂ ಅಹಮದಾಬಾದಿಗೂ ನಡುವೆ ಬಿಭಾ ಚೌಧುರಿ ಓಡಾಡಿದರು. ಆಮೇಲೆ ಕೋಲ್ಕತ್ತಾಗೆ ಹಿಂತಿರುಗಿ, ಕೊನೆಯವರೆಗೂ ಸಂಶೋಧನೆ ಬಿಡದೆ, 1991ರಲ್ಲಿ ತೀರಿಕೊಂಡರು. ಇಷ್ಟೆಲ್ಲದರ ನಡುವೆ ದೇಶದ ದೊಡ್ಡ ಪ್ರಶಸ್ತಿಯಾಗಲಿ, ವಿಜ್ಞಾನ ಅಕಾಡೆಮಿಗಳ ಫೆಲೋಶಿಪ್ ಆಗಲಿ ಅವರಿಗೆ ಸಿಗಲಿಲ್ಲ. 2008ರಲ್ಲಿ ಬೆಂಗಳೂರಿನ ಇಂಡಿಯನ್ ಅಕಾಡೆಮಿ ಆಫ್ ಸೈನ್ಸಸ್ ಭಾರತದ ಮಹಿಳಾ ವಿಜ್ಞಾನಿಗಳ ಕುರಿತು ‘ಲೀಲಾವತೀಸ್ ಡಾಟರ್ಸ್’ ಎಂಬ ಒಳ್ಳೆಯ ಪುಸ್ತಕ ತಂದಾಗಲೂ ಅದರಲ್ಲಿ ಅವರ ಹೆಸರಿರಲಿಲ್ಲ. ಹೆಣ್ಣುಮಕ್ಕಳನ್ನು ನೆನೆಯಲೆಂದೇ ಕೂತವರ ನೆನಪಿಗೂ ಅವರು ಬಂದಿರಲಿಲ್ಲ.

ಅದೇ ಕಾಲದ ಇನ್ನೊಬ್ಬರನ್ನು ಇಲ್ಲಿ ನೆನೆಯಬೇಕು. ಸಾರಾಭಾಯಿ ಐಐಎಸ್‌ಸಿಯಲ್ಲಿದ್ದ ವರ್ಷಗಳಲ್ಲೇ ರಾಮನ್ ಅವರ ವಿಭಾಗದಲ್ಲಿ ಅನ್ನಾ ಮಣಿ ವಜ್ರ ಮತ್ತು ಮಾಣಿಕ್ಯಗಳು ಸೂಸುವ ಬೆಳಕಿನ ಮೇಲೆ ಸಂಶೋಧನೆ ಮಾಡಿದರು. ಹಲವು ಪ್ರಬಂಧಗಳನ್ನು ಬರೆದರು, ಪಿಎಚ್‌ಡಿಗೆ ಮಹಾಪ್ರಬಂಧವನ್ನೂ ಒಪ್ಪಿಸಿದರು. ಎಂಎಸ್ಸಿ ಪದವಿ ಇಲ್ಲ ಎಂಬ ಕಾರಣಕ್ಕೆ ಮದ್ರಾಸ್ ವಿಶ್ವವಿದ್ಯಾಲಯ ಪಿಎಚ್‌ಡಿ ಕೊಡಲಿಲ್ಲ. ಮುಂದೆ ತುಂಬಾದಲ್ಲಿ ಹವಾಮಾನ ಉಪಕರಣಗಳನ್ನು ನಿಲ್ಲಿಸಲು ಸಾರಾಭಾಯಿಗೆ ನೆರವಾದವರು ಈ ಅನ್ನಾ ಮಣಿಯೇ. ಪದವಿ ಇಲ್ಲದಿದ್ದರೂ ಅವರ ಹೆಸರು ಉಳಿಯಿತು, ಯಾಕೆಂದರೆ ಅವರ ಬಗ್ಗೆ ಹೇಳುವವರು ಹವಾಮಾನ ಇಲಾಖೆಯಲ್ಲಿದ್ದರು, ಬರೆಯುವವರಿದ್ದರು. ಬಿಭಾ ಅವರ ವಿಷಯದಲ್ಲಿ ಆ ಸರಪಳಿ ಕಡಿದುಹೋಗಿತ್ತು. ಕೋಲ್ಕತ್ತಾ, ಮ್ಯಾಂಚೆಸ್ಟರ್, ಮುಂಬೈ, ಅಹಮದಾಬಾದ್, ಕೋಲಾರ. ಐದು ಊರುಗಳಲ್ಲಿ ಕೆಲಸ ಮಾಡಿದವರನ್ನು ಯಾವ ಊರೂ ತನ್ನವರೆಂದು ಹೇಳಿಕೊಳ್ಳಲಿಲ್ಲ. ವಲಸೆಗಾರರಾದ ನಮಗೆ ಇದು ಅರ್ಥವಾಗದ ಮಾತಲ್ಲ.

ಕಡಿದ ಸರಪಳಿ ಹೇಗೆ ಕೂಡಿತು ಎನ್ನುವುದು ಮುಂದಿನ ಭಾಗ. 2018ರಲ್ಲಿ ರಾಜಿಂದರ್ ಸಿಂಗ್ ಮತ್ತು ಸುಪ್ರಕಾಶ್ ರಾಯ್ ಇಬ್ಬರೂ ಸೇರಿ ಬಿಭಾ ಚೌಧುರಿ ಅವರ ಜೀವನ ಮತ್ತು ಕೆಲಸದ ಕುರಿತು ಪುಸ್ತಕ ತಂದರು. ಮರುವರ್ಷ, 2019, ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ನೂರನೆಯ ವರ್ಷ. ಆಕಾಶದ ವಸ್ತುಗಳಿಗೆ ಅಧಿಕೃತವಾಗಿ ಹೆಸರಿಡುವ ಹಕ್ಕಿರುವುದು ಈ ಒಕ್ಕೂಟಕ್ಕೆ. ಶತಮಾನೋತ್ಸವದ ಅಂಗವಾಗಿ ಅದು ಒಂದೊಂದು ದೇಶಕ್ಕೂ ಒಂದು ನಕ್ಷತ್ರ, ಅದನ್ನು ಸುತ್ತುವ ಒಂದು ಗ್ರಹ ಕೊಟ್ಟು, ನಿಮ್ಮ ಜನರೇ ಹೆಸರಿಡಲಿ ಎಂದಿತು. ನೂರಕ್ಕೂ ಹೆಚ್ಚು ದೇಶಗಳು ಸೇರಿದವು. ಭಾರತದ ಪಾಲಿಗೆ ಬಂದದ್ದು ಎಚ್‌ಡಿ 86081 ಎಂಬ, ಹೆಸರಿಲ್ಲದೆ ಬರೀ ಸಂಖ್ಯೆಯಿದ್ದ ನಕ್ಷತ್ರ.

ಇಲ್ಲಿ ಹೆಸರು ಕೇಳುವ, ಬಂದವನ್ನು ಸೋಸುವ, ಜನರ ಮತಕ್ಕೆ ಹಾಕುವ ಕೆಲಸ ಹೊತ್ತದ್ದು ಎಎಸ್‌ಐನ ಸಾರ್ವಜನಿಕ ಸಂಪರ್ಕ ಸಮಿತಿ. ನಮ್ಮ ಹುಡುಗಿ ಪೆನ್ಸಿಲಿನಲ್ಲಿ ಅಡ್ಡಗೆರೆ ಎಳೆದಿದ್ದಳಲ್ಲ, ಅಂಥ ಗೋಷ್ಠಿಗಳನ್ನು ನಡೆಸುವ ಜನ. ನಕ್ಷತ್ರಕ್ಕೆ ‘ಬಿಭಾ’ ಎಂಬ ಹೆಸರು ಸೂಚಿಸಿದ್ದು ಸೂರತ್‌ನ ಸರ್ದಾರ್ ವಲ್ಲಭಭಾಯಿ ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆಯ ಒಬ್ಬ ವಿದ್ಯಾರ್ಥಿ. ಗ್ರಹಕ್ಕೆ ಪುಣೆಯ ಒಬ್ಬ ಶಾಲಾ ಬಾಲಕ ಸೂಚಿಸಿದ ‘ಸಂತಮಸ’ ಎಂಬ ಸಂಸ್ಕೃತ ಹೆಸರು ಬಂತು. ಕವಿದ ಕತ್ತಲೆ ಎಂದು ಅದರ ಅರ್ಥ. 2019ರ ಡಿಸೆಂಬರ್ 17ರಂದು ಎರಡೂ ಹೆಸರುಗಳು ಅಧಿಕೃತವಾಗಿ ಪ್ರಕಟವಾದವು.

ಬಿಭಾ ಎಂದರೆ ಬಂಗಾಳಿಯಲ್ಲಿ ಬೆಳಕಿನ ಕಿರಣ, ನಮ್ಮ ‘ವಿಭಾ’ದ ಅಕ್ಕತಂಗಿ. ನಕ್ಷತ್ರ ಇರುವುದು ಸೆಕ್ಸ್‌ಟನ್ಸ್ ಎಂಬ ಮಂಕು ಪುಂಜದಲ್ಲಿ, ಸಿಂಹ ರಾಶಿಯ ದಕ್ಷಿಣಕ್ಕೆ. ಬರಿಗಣ್ಣಿಗೆ ಕಾಣದು, ಚಿಕ್ಕ ದೂರದರ್ಶಕ ಬೇಕು. ಶಿವರಾತ್ರಿಯಿಂದ ಯುಗಾದಿಯವರೆಗಿನ ರಾತ್ರಿಗಳಲ್ಲಿ ಹುಡುಕಲು ಅನುಕೂಲ. ದೂರ ಸುಮಾರು 340 ಜ್ಯೋತಿರ್ವರ್ಷ. ಅಂದರೆ ಇವತ್ತು ನಮ್ಮ ಕಣ್ಣಿಗೆ ಬೀಳುವ ಬಿಭಾಳ ಬೆಳಕು ಮೈಸೂರಿನಲ್ಲಿ ಚಿಕ್ಕದೇವರಾಜ ಒಡೆಯರು ಆಳುತ್ತಿದ್ದಾಗ ಹೊರಟದ್ದು. ಅದರ ಗ್ರಹ ಗುರುವಿಗಿಂತ ಭಾರ, ಎರಡು ದಿನಕ್ಕೆ ಚೂರು ಹೆಚ್ಚಿನ ಅವಧಿಯಲ್ಲಿ ನಕ್ಷತ್ರಕ್ಕೆ ಒಂದು ಸುತ್ತು ಹಾಕಿಬಿಡುತ್ತದೆ.

ಈ ಕತೆಯನ್ನು ನಾನು ಹುಡುಗಿಗೆ ಹೇಳಿದಾಗ ಅವಳು ಸುಲಭಕ್ಕೆ ಒಪ್ಪಲಿಲ್ಲ. “ಸತ್ತ ಮ್ಯಾಲೆ ನಕ್ಷತ್ರ ಕೊಟ್ಟರ ಏನು ಬಂತು ಕಾಕಾ? ಇದ್ದಾಗ ಪ್ಲೇಟು ಕೊಡಬೇಕಿತ್ತು.” ಈ ಮಾತಿಗೆ ನನ್ನಲ್ಲಿ ಉತ್ತರವಿರಲಿಲ್ಲ, ಈಗಲೂ ಇಲ್ಲ. ಹೆಸರಿಡಲು ಖರ್ಚಿಲ್ಲ. ಒಂದು ಕಾಯಂ ಹುದ್ದೆ, ವೀಕ್ಷಣಾಲಯದ ಬೆಟ್ಟದ ಮೇಲೆ ಹೆಣ್ಣುಮಕ್ಕಳಿಗೆ ರಾತ್ರಿ ತಂಗಲು ಸರಿಯಾದ ಕೋಣೆ, ಸಮ್ಮೇಳನದಲ್ಲಿ ಕೂಸನ್ನು ಬಿಡಲು ಒಂದು ಜಾಗ, ಹೆರಿಗೆಯ ನಂತರ ಫೆಲೋಶಿಪ್ ಮುಂದುವರಿಸುವ ನಿಯಮ, ಇವುಗಳಿಗೆ ಖರ್ಚಿದೆ. ಇವೆಲ್ಲ ಚರ್ಚೆಗೆ ಬರಬೇಕಾದ ವೇದಿಕೆಯೂ ಅದೇ ಸಂಜೆಯ ಗೋಷ್ಠಿ. ಅಲ್ಲಿ ಕೂರುವವರು ಕಡಿಮೆಯಾದರೆ ಮಾತು ಮಾತಾಗಿಯೇ ಉಳಿಯುತ್ತದೆ ಎಂದು ಮಾತ್ರ ಹೇಳಿದೆ. ಅವಳು ರಬ್ಬರ್ ತೆಗೆದುಕೊಂಡು ಎರಡು ಗೆರೆಗಳಲ್ಲಿ ಒಂದನ್ನು ಅಳಿಸಿದಳು.

ಸಮುದಾಯದ ಲಾಭ ಬರೀ ನೆನಪಿಗಷ್ಟೇ ಅಲ್ಲ. ಆಸ್ಟ್ರೊಸ್ಯಾಟ್ ಕಕ್ಷೆ ಸೇರಿದ ಮರುವರ್ಷದಿಂದ ಅದರ ವೀಕ್ಷಣಾ ಸಮಯದ ಒಂದು ಪಾಲನ್ನು ಭಾರತದ ಎಲ್ಲ ಖಗೋಳಜ್ಞರಿಗೂ ತೆರೆಯಲಾಯಿತು. ಒಳ್ಳೆಯ ಪ್ರಸ್ತಾವ ಬರೆದರೆ ವಿಶ್ವವಿದ್ಯಾಲಯದ ಮೇಷ್ಟರೂ ಉಪಗ್ರಹವನ್ನು ತನಗೆ ಬೇಕಾದ ನಕ್ಷತ್ರದ ಕಡೆ ತಿರುಗಿಸುವಂತೆ ಕೇಳಬಹುದು. ಆದರೆ ಪ್ರಸ್ತಾವ ಬರೆಯುವುದು ಹೇಗೆ, ಬಂದ ದತ್ತಾಂಶವನ್ನು ಬಿಡಿಸುವುದು ಹೇಗೆ ಎಂದು ಯಾರಾದರೂ ಕೂರಿಸಿ ಕಲಿಸಬೇಕು. ಇಲ್ಲದಿದ್ದರೆ ತೆರೆದ ಬಾಗಿಲು ಹೆಸರಿಗೆ ಮಾತ್ರ ತೆರೆದಿರುತ್ತದೆ. ಬಿಭಾ ಅವರಿಗೆ ಒಳ್ಳೆಯ ಪ್ಲೇಟು ಸಿಗಲಿಲ್ಲ. ಇವತ್ತಿನ ಪ್ಲೇಟು ಎಂದರೆ ದತ್ತಾಂಶ, ತರಬೇತಿ, ಕೇಳಿದಾಗ ಉತ್ತರಿಸುವ ಒಬ್ಬ ಹಿರಿಯ ಸಹೋದ್ಯೋಗಿ.

ಕನ್ನಡದವರಿಗೆ ಇದರಲ್ಲಿ ಇನ್ನೂ ಒಂದು ಪಾಲಿದೆ ಎಂದು ನನಗನ್ನಿಸುತ್ತದೆ. ನಮ್ಮ ನಾಡಿನ ಕಲ್ಲುಶಾಸನಗಳಲ್ಲಿ ಗ್ರಹಣದ ದಿನ, ಸಂಕ್ರಾಂತಿಯ ದಿನ ಕೊಟ್ಟ ದಾನಗಳ ದಾಖಲೆ ರಾಶಿ ರಾಶಿ ಇದೆ. ಬೆಂಗಳೂರಿನ ತಾರಾಲಯದಲ್ಲಿದ್ದ ಬಿ.ಎಸ್. ಶೈಲಜಾ ಅವರು ಅಂಥ ಶಾಸನಗಳನ್ನು ಹುಡುಕಿ ಖಗೋಳದ ಇತಿಹಾಸಕ್ಕೆ ಜೋಡಿಸಿದ್ದಾರೆ. ಆ ಕಲ್ಲುಗಳಲ್ಲಿ ದಾನ ಕೊಟ್ಟವರ ಹೆಸರು, ಪಡೆದವರ ಹೆಸರು ಸಾಮಾನ್ಯವಾಗಿ ಇರುತ್ತದೆ. ಗ್ರಹಣ ಯಾವಾಗ ಎಂದು ಲೆಕ್ಕ ಹಾಕಿ ಹೇಳಿದವರ ಹೆಸರು ಹುಡುಕಿದರೂ ಸಿಗುವುದು ಕಷ್ಟ. ಲೆಕ್ಕ ಹಾಕಿದವರನ್ನು ಮರೆಯುವ ಅಭ್ಯಾಸ ನಮಗೆ ಹಳೆಯದು.

ಕೋಲಾರದ ಚಿನ್ನದ ಗಣಿಯ ಬಗ್ಗೆ ಕನ್ನಡದಲ್ಲಿ ಬರೆಯುವಾಗ ನಾವು ಚಿನ್ನದ ತೂಕ, ಬ್ರಿಟಿಷರ ಬಂಗಲೆ, ಕಾರ್ಮಿಕರ ಕಾಲೊನಿಗಳ ಕತೆ ಬರೆಯುತ್ತೇವೆ. ಅದು ಬೇಕಾದ್ದೇ. ಅದೇ ಪುಟದಲ್ಲಿ ಶ್ರೀಕಂಠನ್ ಇರಲಿ, 1965ರ ನ್ಯೂಟ್ರಿನೊ ಇರಲಿ, ಅಹಮದಾಬಾದಿನಿಂದ ಬಂದು ಆ ಆಳಕ್ಕೆ ತನ್ನ ಲೆಕ್ಕ ಕೂಡಿಸಿದ ಬಿಭಾ ಚೌಧುರಿಯೂ ಇರಲಿ. ಕೆಜಿಎಫ್‌ನ ಶಾಲೆಯೊಂದರಲ್ಲಿ ಮೇಷ್ಟರು ಫೆಬ್ರವರಿ ಅಥವಾ ಮಾರ್ಚಿನ ಒಂದು ರಾತ್ರಿ ಚಿಕ್ಕ ದೂರದರ್ಶಕವನ್ನು ಸಿಂಹ ರಾಶಿಯ ಕೆಳಗೆ ತಿರುಗಿಸಿ, ಈ ನಕ್ಷತ್ರಕ್ಕೆ ಹೆಸರು ಕೊಟ್ಟವರು ನಿಮ್ಮ ಊರಿನ ಗಣಿಯ ಪ್ರಯೋಗದಲ್ಲಿದ್ದವರು ಎಂದು ಹೇಳಿದರೆ, ಸಾಲಿನಲ್ಲಿ ನಿಂತ ಮಕ್ಕಳಲ್ಲಿ ಒಬ್ಬಳಾದರೂ ಆಮೇಲೆ ಏನಾಯಿತು ಸರ್ ಎಂದು ಕೇಳಿಯಾಳು.